ಸತ್ಯಾಂಶ: ನುಗ್ಗೆ ಸೊಪ್ಪಿನಲ್ಲಿ ಪಾಲಕ್‌ಗಿಂತ 25 ಪಟ್ಟು ಕಬ್ಬಿಣಾಂಶವಿದೆಯೇ?

ನುಗ್ಗೆ ಸೊಪ್ಪಿನಲ್ಲಿ ಪಾಲಕ್‌ಗಿಂತ 25 ಪಟ್ಟು ಹೆಚ್ಚು ಕಬ್ಬಿಣಾಂಶವಿದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಹರಿದಾಡುತ್ತಿದೆ. ಈ ಲೆಕ್ಕದಲ್ಲಿ ಒಣಗಿಸಿ ಪುಡಿ ಮಾಡಿದ ನುಗ್ಗೆ ಎಲೆಯನ್ನು, ತೂಕದಲ್ಲಿ ಶೇ 90ರಷ್ಟು ನೀರೇ ಇರುವ ಹಸಿ ಪಾಲಕ್‌ ಜೊತೆ ಹೋಲಿಸಲಾಗಿದೆ. ನೀರು ಆರಿದರೆ ಉಳಿದ ಪೋಷಕಾಂಶಗಳು ಸಾಂದ್ರವಾಗುತ್ತವೆ; ಪಾಲಕ್ ಒಣಗಿಸಿದರೂ ಹೀಗೆಯೇ ಆಗುತ್ತದೆ. ಮೇಲಾಗಿ, ಪುಡಿಯನ್ನು ಯಾರೂ 100 ಗ್ರಾಂ ತಿನ್ನುವುದಿಲ್ಲ. ರೊಟ್ಟಿ ಹಿಟ್ಟಿಗೋ ಚಟ್ನಿಪುಡಿಗೋ ಬೆರೆಸುವುದು ಒಂದೆರಡು ಚಮಚ ಮಾತ್ರ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ, 100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ ಸುಮಾರು 4.5 ಮಿಲಿಗ್ರಾಂ, ಪಾಲಕ್‌ನಲ್ಲಿ ಸುಮಾರು 3 ಮಿಲಿಗ್ರಾಂ ಕಬ್ಬಿಣಾಂಶವಿದೆ. ಅಂದರೆ ವ್ಯತ್ಯಾಸ ಒಂದೂವರೆ ಪಟ್ಟು.

ನುಗ್ಗೆಯ ನಿಜವಾದ ಹಿರಿಮೆ ಇರುವುದು ಕ್ಯಾಲ್ಸಿಯಂನಲ್ಲಿ, ಮತ್ತು ಸಂದೇಶ ಬರೆದವರು ಇದನ್ನೇ ಹೇಳಬೇಕಿತ್ತು ಎಂದು ನನಗನಿಸುತ್ತದೆ. 100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದ್ದರೆ, ಪಾಲಕ್‌ನಲ್ಲಿರುವುದು ಸುಮಾರು 80 ಮಿಲಿಗ್ರಾಂ. ಆ ಅಲ್ಪ ಪ್ರಮಾಣವನ್ನೂ ಪಾಲಕ್‌ನ ಆಕ್ಸಲೇಟ್ ಎಂಬ ಸಹಜ ರಾಸಾಯನಿಕ ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ದಕ್ಕುವುದು ಬಹಳ ಕಡಿಮೆ. ಕಬ್ಬಿಣಾಂಶದ ಮಟ್ಟಿಗಾದರೆ, ಯಾವ ಸೊಪ್ಪಿನ ಪಲ್ಯವಾದರೂ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡುವುದರಿಂದ ಮತ್ತು ಊಟದ ಜೊತೆಗೆ ಕಾಫಿ, ಟೀ ಕುಡಿಯದಿರುವುದರಿಂದ ಅದು ದೇಹಕ್ಕೆ ಹೆಚ್ಚು ದಕ್ಕುತ್ತದೆ.