ಅರಿಶಿನ ತಾನೇ, ಏನಾಗತ್ತೆ?

ಮೊನ್ನೆ ಅಮ್ಮನ ಮಾತ್ರೆ ಡಬ್ಬಿಯಲ್ಲಿ ಹೊಸ ಬಾಟಲಿಯೊಂದು ಕಂಡಿತು. ಮೇಲೆ ‘ನ್ಯಾನೊ ಕರ್ಕ್ಯುಮಿನ್’ ಅಂತ ಇತ್ತು. ಕರ್ಕ್ಯುಮಿನ್ ಅಂದರೆ ಅರಿಶಿನದಲ್ಲಿರುವ ಹಳದಿ ಅಂಶ, ನ್ಯಾನೊ ಅಂದರೆ ಅದನ್ನು ಕಣ್ಣಿಗೆ ಕಾಣದಷ್ಟು ಪುಟ್ಟ ಕಣ ಮಾಡಿದ್ದು. ಮಂಡಿನೋವಿಗೆ ಒಳ್ಳೇದು ಅಂತ ಯಾರೋ ಹೇಳಿದರಂತೆ. ‘ಅರಿಶಿನ ತಾನೇ, ಏನಾಗತ್ತೆ?’ ಅಂದರು ಅಮ್ಮ.

ಒಂದು ಲೋಟ ನೀರಿಗೆ ಅರಿಶಿನ ಹಾಕಿ ಕದಡಿ. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೂತಿರುತ್ತದೆ. ಅದೇ ಒಗ್ಗರಣೆಗೆ ಬಿದ್ದರೆ ಎಣ್ಣೆಯೆಲ್ಲ ಹಳದಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಅದಕ್ಕೇ ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸೇರಿದ್ದನ್ನೂ ಲಿವರ್ ಬೇಗ ಬದಲಾಯಿಸಿ ಹೊರಗೆ ಹಾಕುತ್ತದೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ಪೈಪರಿನ್ ಅಂದರೆ ಕಾಳುಮೆಣಸಿನ ಖಾರ. ರಕ್ತಕ್ಕೆ ಸೇರಿದ್ದು ಸುಮಾರು 20 ಪಟ್ಟು ಜಾಸ್ತಿ! ಅರಿಶಿನದ ಹಾಲಿಗೆ ಮೆಣಸು ಕುಟ್ಟಿ ಹಾಕುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ನ್ಯಾನೊ ದಾರಿ ಬೇರೆ. ಕರ್ಕ್ಯುಮಿನ್ ಅನ್ನು ಎಣ್ಣೆಯ ಪುಟ್ಟ ಹನಿಯೊಳಗೋ, ಹಾಲಿನ ಕೇಸಿನ್ ಅಥವಾ ಮೆಕ್ಕೆಜೋಳದ ಪ್ರೋಟೀನ್ ಒಳಗೋ ಸುತ್ತಿಡುತ್ತಾರೆ. ಒಂದೊಂದು ಕಣ 100 ನ್ಯಾನೊಮೀಟರ್ ಆಸುಪಾಸು, ತಲೆಗೂದಲ ದಪ್ಪದ ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು. ಆಗ ಅದು ನೀರಿನಲ್ಲೂ ಹರಡಿಕೊಳ್ಳುತ್ತದೆ, ಕರುಳೂ ಸುಲಭವಾಗಿ ಎಳೆದುಕೊಳ್ಳುತ್ತದೆ. ನಿಜಕ್ಕೂ ಜಾಣ ಕೆಲಸ. ನನಗೆ ಈ ವಿದ್ಯೆ ಬೇಡ ಅನ್ನಿಸುವುದಿಲ್ಲ.

ಆದರೆ ರಕ್ತಕ್ಕೆ ಹೆಚ್ಚು ಸೇರುತ್ತದೆ ಅಂದಮೇಲೆ ಅದು ಸಾರಿಗೆ ಹಾಕುವ ಚಿಟಿಕೆ ಅರಿಶಿನ ಅಲ್ಲ, ಅಲ್ವಾ? 2019ರಲ್ಲಿ ಇಟಲಿಯಲ್ಲಿ ಅರಿಶಿನದ ಸಪ್ಲಿಮೆಂಟ್ ತಗೊಂಡ ಕೆಲವರಿಗೆ ಲಿವರ್ ಊತ ಬಂತು. ಲಿವರ್, ಪಿತ್ತಕೋಶದ ತೊಂದರೆ ಇರುವವರಿಗೆ ಲೇಬಲ್ ಮೇಲೇ ಎಚ್ಚರಿಕೆ ಬರೆಯಬೇಕು ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳಿತು. ಯುರೋಪ್ ಒಕ್ಕೂಟದಲ್ಲಿ ಬೇಕಂತಲೇ ತಯಾರಿಸಿದ ನ್ಯಾನೊ ಪದಾರ್ಥ ತಿನಿಸಿನಲ್ಲಿದ್ದರೆ 2014ರ ಡಿಸೆಂಬರ್‌ನಿಂದ ಅದರ ಹೆಸರಿನ ಪಕ್ಕ ‘ನ್ಯಾನೊ’ ಅಂತ ಬರೆಯಲೇಬೇಕು. ನಾನು ಕೇಳುವುದೂ ಇಷ್ಟೇ. ಯಾವುದರಲ್ಲಿ ಸುತ್ತಿದ್ದೀರಿ, ಎಷ್ಟು ಮಿಲಿಗ್ರಾಂ, ಯಾರು ತಿನ್ನಬಾರದು, ಎಲ್ಲವನ್ನೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ಬಿಸ್ಕತ್ತು, ಜ್ಯೂಸಿಗೆ ಸುಮ್ನೆ ಬೆರೆಸಿ ಮಾರಬೇಡಿ.

ಅಮ್ಮನ ಬಾಟಲಿ ಮೇಲೆ ಬಂಗಾರದ ಬಣ್ಣದಲ್ಲಿ ‘ಹಲವು ಪಟ್ಟು ಶಕ್ತಿ’ ಅಂತಿತ್ತು. ಎಷ್ಟು ಮಿಲಿಗ್ರಾಂ ಅಂತ ಎಲ್ಲೂ ಇರಲಿಲ್ಲ. ಅವರು ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಮಾತ್ರೆ ನುಂಗುತ್ತಾರೆ. ಕರ್ಕ್ಯುಮಿನ್ ಜಾಸ್ತಿಯಾದರೆ ಆ ಮಾತ್ರೆಯ ಜೊತೆ ಸೇರಿ ರಕ್ತಸ್ರಾವದ ಭಯ. ಬಾಟಲಿ ಎತ್ತಿಟ್ಟಿದ್ದೇನೆ. ಸೋಮವಾರ ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇವೆ.