ದೇಹ ದಂಡಿಸಿದಷ್ಟೂ ದೇವರಿಗೆ ಹತ್ತಿರವೇ? ಸತ್ಯಾಂಶ

ತಪಸ್ಸು ಕಾಲ (ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನ) ಬಂತೆಂದರೆ ಒಂದು ಮೆಸೇಜ್ ಓಡಾಡುತ್ತದೆ: "ಕಥೋಲಿಕರು 40 ದಿನವೂ ಉಪವಾಸ ಇರಲೇಬೇಕು, ಕಾಯಿಲೆಯವರಿಗೂ ವಿನಾಯಿತಿ ಇಲ್ಲ, ದೇಹ ನೊಂದಷ್ಟೂ ಪುಣ್ಯ ಜಾಸ್ತಿ."

ಇದು ತಪ್ಪು. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಸಾಮಾನ್ಯ ನಿಯಮದಲ್ಲಿ ಕಡ್ಡಾಯ ಉಪವಾಸ ಎರಡೇ ದಿನ: ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವಯಸ್ಸಿನವರಿಗೆ. ಅಂದು ಒಂದು ಪೂರ್ತಿ ಊಟ ಮಾಡಬಹುದು, ಬೆಳಿಗ್ಗೆ ಸಂಜೆ ಸ್ವಲ್ಪ ತಿನ್ನಲೂಬಹುದು. ಕಾಯಿಲೆಯವರಿಗೆ ಈ ಕಟ್ಟುಪಾಡು ಇಲ್ಲ. ದಯವಿಟ್ಟು ಯಾರೂ ಮಾತ್ರೆ ಬಿಟ್ಟು ಉಪವಾಸ ಕೂರಬೇಡಿ.

ಇನ್ನು ಪುಣ್ಯದ ಮಾತು. ತ್ಯಾಗ ಮಾಡುವುದು ನೋವಿಗಾಗಿ ಅಲ್ಲ, ಪ್ರೀತಿಗೆ ಜಾಗ ಮಾಡಿಕೊಡಲು. ಅದಕ್ಕೇ ಉಪವಾಸದ ಜೊತೆ ಪ್ರಾರ್ಥನೆ, ದಾನ ಎರಡನ್ನೂ ಸೇರಿಸಿ ಹೇಳುತ್ತಾರೆ.

ಫ್ರಾನ್ಸಿನ ಲಿಸಿಯೂ ಮಠದ ಸಂತ ತೆರೇಸಾ ಅವರನ್ನೇ ನೋಡಿ. ಬಟ್ಟೆ ಒಗೆಯುವಾಗ ಎದುರಿದ್ದ ಇನ್ನೊಬ್ಬ ಸನ್ಯಾಸಿನಿ ಕರವಸ್ತ್ರ ಎತ್ತಿದಾಗಲೆಲ್ಲ ಕೊಳೆ ನೀರು ಇವರ ಮುಖಕ್ಕೆ ಚಿಮ್ಮುತ್ತಿತ್ತು. ಹಿಂದೆ ಸರಿದು ಮುಖ ಒರೆಸಿಕೊಂಡರೆ ಆ ಸನ್ಯಾಸಿನಿಗೆ ಗೊತ್ತಾಗುತ್ತಿತ್ತು, ಅಲ್ವಾ? ತೆರೇಸಾ ಹಾಗೆ ಮಾಡಲಿಲ್ಲ. ಸುಮ್ನೆ ನಿಂತು ಒಗೆದರು. ನನಗಂತೂ ಇದು ಹಸಿವಿಗಿಂತ ಕಷ್ಟದ ತ್ಯಾಗ ಅನ್ನಿಸುತ್ತದೆ. 1897ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡ ಅವರನ್ನು ಧರ್ಮಸಭೆ 1925ರಲ್ಲಿ ಸಂತರೆಂದು ಸಾರಿತು.