ಸೊನ್ನೆ ಸರಿ ಇದ್ದರೆ 35 ಕೂಡ ಸರಿ ಇರುತ್ತಾ?

ಈಗಷ್ಟೇ ಒಂದು ಅಕ್ವೇರಿಯಂ ಅಂಗಡಿಯಿಂದ ಬಂದೆ, ತಲೆ ಇನ್ನೂ ಬಿಸಿ ಇದೆ. ಹೊಸದಾಗಿ ಉಪ್ಪುನೀರಿನ ಟ್ಯಾಂಕ್ ಇಡುತ್ತಿರುವ ಹುಡುಗನೊಬ್ಬ ರಿಫ್ರಾಕ್ಟೋಮೀಟರ್ ಕೊಂಡ, ಅಂದರೆ ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತೆ ಅನ್ನೋದರಿಂದ ಉಪ್ಪು ಎಷ್ಟಿದೆ ಅಂತ ತೋರಿಸುವ ಮೀಟರ್. ಅಂಗಡಿಯವರು ಕುಡಿಯುವ ನೀರಿನ ಬಾಟಲಿಯಿಂದ ಎರಡು ಹನಿ ಅದರ ಗಾಜಿನ ಮೇಲೆ ಬಿಟ್ಟರು, ಪುಟ್ಟ ಸ್ಕ್ರೂ ತಿರುಗಿಸಿ ಗೆರೆಯನ್ನು ಸೊನ್ನೆಗೆ ತಂದರು, "ಸೆಟ್ ಆಯ್ತು ಸಾರ್, ಇನ್ನು ಕಣ್ಣು ಮುಚ್ಕೊಂಡು ನಂಬಿ" ಅಂದರು. ಕಣ್ಣು ಮುಚ್ಚಿಕೊಂಡರೆ ರಿಫ್ರಾಕ್ಟೋಮೀಟರ್‌ನಲ್ಲಿ ಏನು ಕಾಣುತ್ತೆ ಸ್ವಾಮಿ? ಸುಮ್ನಿರಲಾಗದೆ ಬಾಯಿ ಹಾಕಿದೆ. "ಎಲ್ರೂ ಹೀಗೇ ಮಾಡೋದು ಸಾರ್" ಅಂತ ಉತ್ತರ ಬಂತು. ನನ್ನ ತಕರಾರೂ ಅದೇ. ಎಲ್ಲರೂ ಹೀಗೇ ಮಾಡುತ್ತಾರೆ!

ಬಾಟಲಿ ನೀರಿನ ಬಗ್ಗೆ ನನಗೆ ಸಿಟ್ಟಿಲ್ಲ. ಅದರಲ್ಲಿರುವ ಚೂರುಪಾರು ಲವಣದಿಂದ ಆಗುವ ವ್ಯತ್ಯಾಸ ಈ ಸ್ಕೇಲ್‌ನಲ್ಲಿ ಕಾಣುವುದೂ ಇಲ್ಲ. ಸಿಟ್ಟು ಸೊನ್ನೆಯ ಮೇಲೆ. ನಮ್ಮ ಟ್ಯಾಂಕ್ ಇರಬೇಕಾದ್ದು 35 ಪಿಪಿಟಿ ಹತ್ತಿರ, ಅಂದರೆ ಒಂದು ಕೆಜಿ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ತರಕಾರಿ ಅಂಗಡಿಯ ತಕ್ಕಡಿ ಖಾಲಿ ಇದ್ದಾಗ ಸೊನ್ನೆ ತೋರಿಸಿತು ಅಂತ ಒಂದು ಕೆಜಿ ಟೊಮ್ಯಾಟೊ ಸರಿ ತೂಗುತ್ತೆ ಅಂತ ನಂಬುತ್ತೀರಾ? ತೂಕದ ಕಲ್ಲು ಇಟ್ಟು ನೋಡಬೇಕು ತಾನೆ? ಇಲ್ಲಿ ಆ ಕಲ್ಲು ಅಂದರೆ 35ರ ಸ್ಟ್ಯಾಂಡರ್ಡ್ ದ್ರಾವಣ, ಮೀಟರ್ 35 ತೋರಿಸಲೇಬೇಕು ಅಂತ ಮೊದಲೇ ಗೊತ್ತಿರುವ ನೀರು.

ಇನ್ನೊಂದು ವಿಷಯ ಅಂಗಡಿಯವರು ಹೇಳಲ್ಲ, ಬಹುಶಃ ಅವರಿಗೂ ಯಾರೂ ಹೇಳಿಲ್ಲ. ಸೊನ್ನೆಯಿಂದ 100ರವರೆಗೆ ಗೆರೆ ಇರುವ ಅಗ್ಗದ ರಿಫ್ರಾಕ್ಟೋಮೀಟರ್‌ಗಳಲ್ಲಿ ಬಹಳಷ್ಟು ಸಮುದ್ರದ ನೀರಿಗೆ ಮಾಡಿದವಲ್ಲ, ಬರೀ ಅಡುಗೆ ಉಪ್ಪಿನ ನೀರಿಗೆ ಮಾಡಿದವು. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಎಲ್ಲ ಇರುತ್ತೆ, ಹಾಗಾಗಿ ಬೆಳಕು ಬಾಗುವುದು ಸ್ವಲ್ಪ ಬೇರೆ. 35 ಪಿಪಿಟಿಯ ಸಮುದ್ರದ ನೀರು ಅಂಥ ಸ್ಕೇಲ್‌ನಲ್ಲಿ 36.5 ತೋರಿಸುತ್ತೆ. ಸೊನ್ನೆ ಎಷ್ಟೇ ಕರಾರುವಾಕ್ಕಾಗಿ ಇಟ್ಟರೂ ನೀವು 35 ಅಂದುಕೊಂಡು ಬೀಗುವ ನೀರು ನಿಜದಲ್ಲಿ 33.5 ಚಿಲ್ಲರೆ. ಇದರ ಮೇಲೆ ಮೀಟರ್‌ನ ಸ್ವಂತ ತಪ್ಪು ಬೇರೆ ಸೇರಿದರೆ ದೇವರೇ ಗತಿ.

ಒಂದೂವರೆ ಪಾಯಿಂಟ್‌ಗೆ ಇಷ್ಟು ಕೂಗಾಟವಾ ಅಂತೀರಾ? ತಮಾಷೆ ಇಲ್ಲೇ ಶುರುವಾಗೋದು. ಮೀಟರ್‌ನ ಸ್ವಂತ ತಪ್ಪೂ ಸೇರಿ ಲವಣಾಂಶ ಹತ್ತು ಪರ್ಸೆಂಟ್ ಕಡಿಮೆಯಾದರೆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಅಷ್ಟೇ ಕಡಿಮೆಯಾಗುತ್ತೆ. ಲೀಟರಿಗೆ 420 ಮಿಲಿಗ್ರಾಂ ಇರಬೇಕಾದ ಕ್ಯಾಲ್ಸಿಯಂ 378 ತೋರಿಸುತ್ತೆ. ಆಗ ಪಾಪದ ಮನುಷ್ಯ ಅದೇ ಅಂಗಡಿಗೆ ಓಡುತ್ತಾನೆ, ಕ್ಯಾಲ್ಸಿಯಂ ಬಾಟಲಿ ಒಂದು, ಮೆಗ್ನೀಸಿಯಂ ಬಾಟಲಿ ಇನ್ನೊಂದು ತರುತ್ತಾನೆ, ಹವಳ ಮುದುಡಿದೆ ಅಂತ ಲೈಟ್ ಕೂಡ ಬದಲಾಯಿಸುತ್ತಾನೆ. ಬೇಕಿದ್ದದ್ದು ಒಂದಿಷ್ಟು ಸಾಲ್ಟ್ ಮಿಕ್ಸ್, ಅಂದರೆ ಸಮುದ್ರದ ನೀರು ಮಾಡುವ ಡಬ್ಬಿಯ ಉಪ್ಪು! ಯಾರ ಗಲ್ಲಾಪೆಟ್ಟಿಗೆ ತುಂಬಿತು ಅಂತ ನಾನು ಹೇಳಲ್ಲ.

ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. 35ರ ದ್ರಾವಣ ಎರಡು ಹನಿ ಹಾಕಿ, ಗುಳ್ಳೆ ಇಲ್ಲದ ಹಾಗೆ ಮುಚ್ಚಿ, ಅರ್ಧ ನಿಮಿಷ ಕಾಯಿರಿ, ಗೆರೆಯನ್ನು 35ಕ್ಕೆ ತನ್ನಿ. ಆಮೇಲೆ ಆರ್‌ಓ ನೀರು ಹಾಕಿದರೆ ಸೊನ್ನೆ ತೋರಿಸದೇ ಇರಬಹುದು. ಇರಲಿ ಬಿಡಿ, ಸೊನ್ನೆಯಲ್ಲಿ ನಿಮಗೇನು ಕೆಲಸ? ದ್ರಾವಣ ಕೊಳ್ಳೋಕೆ ಮನಸ್ಸಿಲ್ಲ ಅಂದರೆ 36.5 ಗ್ರಾಂ ಒಣ ಅಡುಗೆ ಉಪ್ಪನ್ನು 963.5 ಗ್ರಾಂ ಆರ್‌ಓ ನೀರಿನಲ್ಲಿ ಕರಗಿಸಿ. ಅದು 35 ಪಿಪಿಟಿ ಸಮುದ್ರದ ನೀರಿನಷ್ಟೇ ಬೆಳಕನ್ನು ಬಾಗಿಸುತ್ತೆ. ತೂಕ ಮಾತ್ರ ಸರಿಯಾಗಿರಲಿ, ಚಮಚದ ಲೆಕ್ಕ ಬೇಡ. ಸಾಲ್ಟ್ ಮಿಕ್ಸ್ ತೂಗಿ ಸ್ಟ್ಯಾಂಡರ್ಡ್ ಮಾಡುತ್ತೇನೆ ಅಂತ ಹೊರಡಬೇಡಿ, ಅದರಲ್ಲಿ ಎಷ್ಟು ತೇವ ಇದೆ ಅಂತ ನಿಮಗೆ ಗೊತ್ತಾಗಲ್ಲ.

ಪೆನ್ ಥರದ ಮೀಟರ್ ಇರುವವರು ನಗಬೇಡಿ. ನಿಮ್ಮದು ಕರೆಂಟ್ ಹರಿಯುವುದನ್ನು ಅಳೆಯುವ ಮೀಟರ್, ಈ ಅಡುಗೆ ಉಪ್ಪಿನ ಲೆಕ್ಕ ಅದಕ್ಕೆ ಹೊಂದಲ್ಲ. 35 ಪಿಪಿಟಿ ಅಂದರೆ 25 ಡಿಗ್ರಿಯಲ್ಲಿ ಸುಮಾರು 53 ಮಿಲಿಸೀಮೆನ್ಸ್. 12.88 ಮಿಲಿಸೀಮೆನ್ಸ್‌ನ ಸ್ಟ್ಯಾಂಡರ್ಡ್ ದ್ರಾವಣದ ಸ್ಯಾಚೆಟ್‌ನಲ್ಲಿ ಸೆಟ್ ಮಾಡಿ 53 ಅಳೆಯುವುದು, ಮತ್ತೆ ಅದೇ ಸೊನ್ನೆಯ ಕಥೆ. ಇನ್ನು ನೀರಿನ ಸಾಂದ್ರತೆ ನೋಡಿ ಉಪ್ಪು ಹೇಳುವ, ಮುಳ್ಳಿನ ಪ್ಲಾಸ್ಟಿಕ್ ಹೈಡ್ರೋಮೀಟರ್. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಮೇಲೇರಿ ಜಾಸ್ತಿ ತೋರಿಸುವ ಆ ವಸ್ತುವಿನ ಬಗ್ಗೆ ಬರೆದು ನನ್ನ ಬಿಪಿ ಏರಿಸಿಕೊಳ್ಳಲ್ಲ.

"ನಂಬರ್ ಎಷ್ಟಾದರೂ ಇರಲಿ ಗುರು, ಏರಿಳಿತ ಇಲ್ಲದಿದ್ದರೆ ಸಾಕು" ಅನ್ನುವವರು ಈಗ ಬರುತ್ತಾರೆ, ಗೊತ್ತು. ಏರಿಳಿತ ಇರಬಾರದು, ಒಪ್ಪಿದೆ. ಕೆಂಪು ಸಮುದ್ರದಲ್ಲಿ 40ರ ಆಸುಪಾಸಿನಲ್ಲೂ ಹವಳ ಬೆಳೆಯುತ್ತೆ, ಅದನ್ನೂ ಒಪ್ಪಿದೆ. ಆದರೆ ಏರಿಳಿತ ಇಲ್ಲ ಅಂತ ನಿಮಗೆ ಹೇಳಿದ್ದು ಯಾರು? ಅದೇ ಮೀಟರ್ ತಾನೆ! ಅದು ಮೆಲ್ಲಗೆ ಜಾರುತ್ತಿದ್ದರೆ ಟ್ಯಾಂಕೂ ಅದರ ಹಿಂದೆಯೇ ಜಾರುತ್ತೆ, ನೀವು ಮಾತ್ರ ಅದೇ 35 ನೋಡಿಕೊಂಡು ನೆಮ್ಮದಿಯಾಗಿ ಮಲಗುತ್ತೀರಿ.

ಇಷ್ಟು ರೇಗೋಕೆ ಇನ್ನೊಂದು ಕಾರಣ ಇದೆ, ಹೇಳಿಬಿಡುತ್ತೇನೆ. ಮಂಗಳೂರಿನವರು ಬೇಕಾದರೆ ಕ್ಯಾನ್ ಹಿಡಿದು ಸಮುದ್ರಕ್ಕೆ ಹೋಗಬಹುದು. ಬೆಂಗಳೂರಿನಲ್ಲಿ ನಮ್ಮ ಸಮುದ್ರ ಪೂರ್ತಿ ಆರ್‌ಓ ನೀರು ಮತ್ತು ಡಬ್ಬಿಯ ಉಪ್ಪು. ಒಂದು ಬಕೆಟ್ ಆರ್‌ಓ ನೀರಿಗೆ ಅದಕ್ಕಿಂತ ಜಾಸ್ತಿ ನೀರು ಪೈಪ್‌ನಲ್ಲಿ ಆಚೆ ಹೋಗುತ್ತೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿ, ಅಪಾರ್ಟ್‌ಮೆಂಟ್‌ನವರು ಟ್ಯಾಂಕರ್ ಕಾಯುತ್ತಿದ್ದಾಗ, ನಾನು ಆ ವೇಸ್ಟ್ ನೀರನ್ನು ನೆಲ ಒರೆಸೋಕೆ ಹಿಡಿದಿಡುತ್ತಿದ್ದರೂ ಪಕ್ಕದ ಮನೆಯವರ ಮುಖ ನೋಡೋಕೆ ನಾಚಿಕೆಯಾಗುತ್ತಿತ್ತು. ಅಂಥ ನೀರನ್ನು ತಪ್ಪು ಅಳತೆಯಲ್ಲಿ ಬೆರೆಸಿ, ಹವಳ ಸತ್ತ ಮೇಲೆ ಪೂರ್ತಿ ಚೆಲ್ಲಿ ಮತ್ತೆ ತುಂಬಿಸುವುದನ್ನು ಕಂಡರೆ ಮೈ ಉರಿಯುತ್ತೆ.

ಮೀಟರ್ ಮಾರುವ ಅಂಗಡಿಯವರು ಕೌಂಟರ್‌ನಲ್ಲಿ 35ರ ದ್ರಾವಣದ ಒಂದು ಬಾಟಲಿ ಇಟ್ಟುಕೊಳ್ಳಲಿ, ಮುಚ್ಚಳ ಬಿಗಿಯಾಗಿರಲಿ, ಗಿರಾಕಿಗೆ ಎರಡು ಹನಿ ಹಾಕಿ ತೋರಿಸಲಿ. ನಾನು ಕೇಳೋದು ಅಷ್ಟೇ. ಹಾಗೆ ಮಾಡುವ ಅಂಗಡಿ ಬೆಂಗಳೂರಿನಲ್ಲಿ ನಿಮಗೆ ಗೊತ್ತಿದ್ದರೆ ಹೇಳಿ. ಎಷ್ಟೇ ಟ್ರಾಫಿಕ್ ಇದ್ದರೂ ಮುಂದಿನ ಉಪ್ಪಿನ ಡಬ್ಬಿ ಅಲ್ಲೇ ತಗೋತೀನಿ.